ಅಕ್ಷತೆ ಬಿದ್ದ ಮೇಲಿನ ಫೋಟೋಗಳು

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಮದುವೆಯ ಸೀಸನ್ ಬಂತೆಂದರೆ ಒಂದಲ್ಲ ಒಂದು ಮಂಗಲ ಕಾರ್ಯಾಲಯದಲ್ಲೇ ನನ್ನ ವಾಸ. ಆಲ್ಬಮ್‌ಗೆ ಬೇಕಾದ ಚಿತ್ರಗಳೆಲ್ಲ ಅಕ್ಷತೆ ಬೀಳುವುದರೊಳಗೆ ಸಿಕ್ಕಿಬಿಡುತ್ತವೆ. ಮನಸ್ಸಿಗೆ ತಟ್ಟುವ ಚಿತ್ರ ಬೇಕೆಂದರೆ ಮಾತ್ರ ಆಮೇಲೂ ನಿಲ್ಲಬೇಕು. ಬಂದ ಜನ ಊಟದ ಪಂಕ್ತಿಗೆ ನುಗ್ಗುತ್ತಾರೆ, ವಿಡಿಯೋದವನು ಬ್ಯಾಟರಿ ಬದಲಿಸಲು ಹೋಗುತ್ತಾನೆ, ವೇದಿಕೆಯ ಮೇಲೆ ಮನೆಯವರಷ್ಟೇ ಉಳಿಯುತ್ತಾರೆ. ಆಗ ಯಾರೂ ಕ್ಯಾಮೆರಾಕ್ಕೆ ಮುಖ ಕೊಡುವುದಿಲ್ಲ. ನನಗೆ ಬೇಕಾದುದೂ ಅದೇ.

ಆ ಹೊತ್ತಿಗೆ ಫ್ಲ್ಯಾಶ್ ಆರಿಸುತ್ತೇನೆ, 50 ಎಂಎಂ ಲೆನ್ಸ್ ಹಾಕುತ್ತೇನೆ, ಶಟರ್ ಸದ್ದು ಬಂದ್ ಮಾಡುತ್ತೇನೆ. ಇಲ್ಲೊಂದು ತೊಡಕಿದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಕೆಲವು ಎಲ್‌ಇಡಿ ದೀಪಗಳ ಕೆಳಗೆ ಚಿತ್ರದ ತುಂಬ ಅಡ್ಡಪಟ್ಟಿಗಳು ಬೀಳುತ್ತವೆ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು. ಹೀಗಾಗಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ವೇಗವನ್ನು 1/100 ಸೆಕೆಂಡಿಗೆ ಇಟ್ಟರೆ ಪಟ್ಟಿಗಳು ಬಹುಪಾಲು ಮಾಯವಾಗುತ್ತವೆ. ಬೆಳಕು ಸಾಲದಿದ್ದರೆ ಐಎಸ್‌ಓವನ್ನು, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟವನ್ನು, 3200ಕ್ಕೆ ಏರಿಸಲು ಹಿಂದೆಮುಂದೆ ನೋಡುವುದಿಲ್ಲ. ಚಿತ್ರ ಸ್ವಲ್ಪ ಕಾಳುಕಾಳಾದರೂ ಅಳುವ ತಾಯಿಯ ಮುಖಕ್ಕೆ ಫ್ಲ್ಯಾಶ್ ಹೊಡೆಯುವುದಕ್ಕಿಂತ ವಾಸಿ.

ಗುಳೇದಗುಡ್ಡದ ಕಡೆಯವರ ಮದುವೆಯೊಂದರಲ್ಲಿ ಮದುಮಗಳಿಗೆ ಉಡಿ ತುಂಬುತ್ತಿದ್ದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಕೊಂಬು, ಅಡಿಕೆ, ಮೇಲೊಂದು ಖಣ, ಅಂದರೆ ಮಗ್ಗದಲ್ಲಿ ನೇಯ್ದ ರವಿಕೆಯ ಬಟ್ಟೆ. ಸುತ್ತ ನಿಂತವರೆಲ್ಲ ಮದುಮಗಳ ಮುಖ ನೋಡುತ್ತಿದ್ದರೆ, ಕಂಬಕ್ಕೆ ಒರಗಿ ಕುಳಿತ ಅಜ್ಜನೊಬ್ಬರ ಕಣ್ಣು ಖಣದ ಮೇಲೆಯೇ ನೆಟ್ಟಿತ್ತು. ಅಜ್ಜಿ ಅದನ್ನು ಮಡಿಕೆಯ ಮೇಲೆ ಮಡಿಕೆಯಾಗಿ ಉಡಿಗೆ ಹಾಕುವಾಗ ಅಜ್ಜನ ಹೆಬ್ಬೆರಳು ತಮ್ಮ ಮೊಣಕಾಲಿನ ಮೇಲೆ ಏನನ್ನೋ ಸವರುವಂತೆ ಅತ್ತಿತ್ತ ಆಡುತ್ತಿತ್ತು. ನಾನು ಮದುಮಗಳನ್ನು ಬಿಟ್ಟು ಅವರತ್ತ ಫೋಕಸ್ ಮಾಡಿದೆ. ಮುಂದೆ ಮಸುಕಾಗಿ ಖಣದ ಕೆಂಪು, ಹಿಂದೆ ಸ್ಪಷ್ಟವಾಗಿ ಅಜ್ಜ.

ಊಟಕ್ಕೆ ಅವರ ಪಕ್ಕದಲ್ಲೇ ಕುಳಿತು ಕೇಳಿದೆ. ರೊಟ್ಟಿ ಮುರಿಯುತ್ತಲೇ ಹೇಳಿದರು: “ಮಗ್ಗ ಬಿಚ್ಚುವ ಮೊದಲು ನೇಯ್ದ ಕಡೆಯ ಖಣ ಅದು, ತಮ್ಮಾ. ಮೊಮ್ಮಗಳ ಉಡಿಗೆ ಇರಲಿ ಎಂದು ತೆಗೆದಿಟ್ಟಿದ್ದೆ.” ಮನೆಯಲ್ಲಿ ಇದು ಅಜ್ಜಿಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಇಂಥ ಮಾತನ್ನು ನಾನು ಅದೇ ರಾತ್ರಿ ಬರೆದಿಡುತ್ತೇನೆ. ಕಂಪ್ಯೂಟರ್‌ನಲ್ಲಿ ಚಿತ್ರದ ಫೈಲಿಗೇ ವಿವರಣೆ ಸೇರಿಸುವ ಜಾಗವಿದೆ. ಅಲ್ಲಿ ಹಾಕಿದರೆ ಪೆನ್‌ಡ್ರೈವ್ ಬದಲಾದರೂ ಮಾತು ಚಿತ್ರದ ಜೊತೆಗೇ ಹೋಗುತ್ತದೆ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋದಂತೆ ಕಳಿಸಿದಿರೋ, ಅದು ಕಳಚಿಬೀಳುತ್ತದೆ. ಆದ್ದರಿಂದ ಆಲ್ಬಮ್‌ನಲ್ಲಿ ಚಿತ್ರದ ಕೆಳಗೆ ಎರಡು ಸಾಲು ಅಚ್ಚು ಹಾಕಿಸುವುದೂ ಉಂಟು. ಹೂವು, ಹೃದಯ, ಚಿಟ್ಟೆಗಳ ವಿನ್ಯಾಸ ತುಂಬುವುದಕ್ಕಿಂತ ಆ ಎರಡು ಸಾಲಿಗೆ ಜಾಗ ಬಿಡಿ ಎಂದು ಡಿಸೈನರ್ ಹುಡುಗರೊಂದಿಗೆ ನನ್ನದು ನಿತ್ಯದ ಜಗಳ.

ಸ್ಟುಡಿಯೋಕ್ಕೆ ಹಳೆಯ ಫೋಟೋ ಹಿಡಿದು ಬರುವವರೂ ಇದ್ದಾರೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡವರು ನಮ್ಮ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ನವನಗರವೇ ಹಾಗೆ ಹುಟ್ಟಿದ್ದು. ಹಿರಿಯರೊಬ್ಬರು ತಮ್ಮ ಮದುವೆಯ ಕಪ್ಪುಬಿಳುಪು ಫೋಟೋ ತಂದಿದ್ದರು. ತೇವಕ್ಕೆ ಚಿತ್ರ ಗಾಜಿಗೆ ಅಂಟಿಕೊಂಡಿತ್ತು. ಹಾಗೆ ಅಂಟಿದ್ದನ್ನು ಎಬ್ಬಿಸಬಾರದು, ಮುಖವೇ ಕಿತ್ತುಬರುತ್ತದೆ. ಗಾಜಿನ ಸಮೇತ ಮೇಜಿನ ಮೇಲಿಟ್ಟು, ಎರಡೂ ಬದಿಯಿಂದ 45 ಡಿಗ್ರಿ ಓರೆಯಲ್ಲಿ ಬೆಳಕು ಬಿಟ್ಟು, ಕ್ಯಾಮೆರಾದ ಪ್ರತಿಬಿಂಬ ಬೀಳದಂತೆ ಕಪ್ಪು ಬಟ್ಟೆ ಹಿಡಿದು ಮೇಲಿನಿಂದ ತೆಗೆದೆ. ಪರದೆಯ ಮೇಲೆ ದಂಪತಿಯ ಮುಖದ ಕಲೆ ತೆಗೆಯಲು ಹೊರಟರೆ ಅವರು ತಡೆದರು. “ನಮ್ಮ ಮುಖ ಇರಲಿ ಬಿಡ್ರಿ, ಹಿಂದಿನ ಚೌಕಟ್ಟು ನೋಡಿರಿ.” ಅವರ ಬೆನ್ನ ಹಿಂದೆ ತಲೆಬಾಗಿಲಿನ ಕಟ್ಟಿಗೆಯ ಚೌಕಟ್ಟು ಅರ್ಧ ಕಾಣುತ್ತಿತ್ತು. ಮುಳುಗಿದ ಮನೆಯದೆಂದು ಅವರ ಬಳಿ ಉಳಿದಿದ್ದ ಚಿತ್ರ ಅದೊಂದೇ.

ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256ಕ್ಕೆ ಏರಿಸಲು ಕೃಷ್ಣಾ ನದಿ ನೀರಿನ ವ್ಯಾಜ್ಯದ ಎರಡನೇ ನ್ಯಾಯಾಧಿಕರಣ 2010ರಲ್ಲೇ ಒಪ್ಪಿದೆ. ಏರಿದರೆ ಇನ್ನಷ್ಟು ಮನೆಗಳು ಹೋಗುತ್ತವೆ. ಹೀಗಾಗಿ ನದಿ ದಂಡೆಯ ಹಳ್ಳಿಗಳಲ್ಲಿ ಮದುವೆಯ ಕೆಲಸ ಸಿಕ್ಕರೆ, ಕಾರ್ಯಾಲಯಕ್ಕೆ ಹೊರಡುವ ಮುನ್ನ ಇಡೀ ಮನೆಮಂದಿಯನ್ನು ತಲೆಬಾಗಿಲ ಮುಂದೆ ನಿಲ್ಲಿಸುತ್ತೇನೆ. ಲೆನ್ಸ್ ಅಗಲದ್ದು, ಮುಂದಿನವರೂ ಹಿಂದಿನ ಬಾಗಿಲೂ ಸ್ಪಷ್ಟ ಬರಲೆಂದು ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 8, ಚೌಕಟ್ಟು ಪೂರ್ತಿ ಬರಬೇಕು. ಮುಹೂರ್ತ ಮೀರುತ್ತದೆ ಎಂದು ಬೀಗರ ಕಡೆಯಿಂದ ಫೋನ್ ಬರುತ್ತಲೇ ಇರುತ್ತದೆ. ನಾನು ಎರಡೇ ನಿಮಿಷ ಎನ್ನುತ್ತೇನೆ, ಹತ್ತು ತೆಗೆದುಕೊಳ್ಳುತ್ತೇನೆ. ಈ ಚಿತ್ರಕ್ಕೆ ಬೇರೆ ದುಡ್ಡು ಕೇಳುವುದಿಲ್ಲವಾದ್ದರಿಂದ ಬೈದವರೂ ಪ್ರಿಂಟ್ ಒಯ್ಯುವುದನ್ನು ಮರೆಯುವುದಿಲ್ಲ.