ವಿಎಂ ದಾಟಿಸುವ ಮೊದಲು ಸಿಪಿಯು ಟೈಪ್ ನೋಡಿ
ಒಂದೇ ಸರ್ವರ್‌ನಲ್ಲಿ ಹಲವು ವರ್ಚುವಲ್ ಮಷೀನ್ (ವಿಎಂ) ಓಡಿಸುವ ತಂತ್ರಾಂಶ ಪ್ರಾಕ್ಸ್‌ಮಾಕ್ಸ್‌ನಲ್ಲಿ ಹೊಸ ಸರ್ವರ್‌ನಿಂದ ಹಳೆಯದಕ್ಕೆ ವಿಎಂ ಅನ್ನು ಓಡುತ್ತಿರುವಾಗಲೇ ದಾಟಿಸಬೇಕಿದ್ದರೆ, ಅದರ ಸಿಪಿಯು ಟೈಪನ್ನು (ವಿಎಂಗೆ ಯಾವ ಪ್ರೊಸೆಸರ್ ಕಾಣಬೇಕು ಎಂಬ ಸೆಟ್ಟಿಂಗ್) ‘ಹೋಸ್ಟ್’ನಿಂದ, ಅಂದರೆ ಸರ್ವರ್‌ನ ಪ್ರೊಸೆಸರ್ ಇದ್ದ ಹಾಗೇ ಕಾಣುವುದರಿಂದ, ಹಳೆಯ ಪ್ರೊಸೆಸರ್‌ಗಳಲ್ಲೂ ಇರುವ ಸೌಲಭ್ಯಗಳನ್ನಷ್ಟೇ ತೋರಿಸುವ ‘ಎಕ್ಸ್86-64-ವಿ2-ಎಇಎಸ್’ಗೆ ಬದಲಿಸಿಡಿ. ಮಡಿಕೇರಿ ಮಳೆಗೆ ಕರೆಂಟ್ ಹೋಗಿ ಯುಪಿಎಸ್ ಕೂಗುತ್ತಿರುವಾಗ ಮಾಡುವ ಕೆಲಸವಲ್ಲ ಇದು, ಬೇಸಿಗೆಯಲ್ಲೇ ಮುಗಿಸಿ: ಒಳಗಿನಿಂದ ರೀಬೂಟ್ ಮಾಡಿದರೆ ಸಾಲದು, ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ಸ್ಟಾರ್ಟ್ ಕೊಟ್ಟರೆ ಮಾತ್ರ ಬದಲಾವಣೆ ಹಿಡಿಯುತ್ತದೆ. ‘ಹೋಸ್ಟ್’ ಇದ್ದರೆ, ಬೂಟ್ ಆಗುವಾಗ ಕಂಡ ಎವಿಎಕ್ಸ್-512ನಂಥ ಪ್ರೊಸೆಸರ್ ಸೌಲಭ್ಯ ದಾಟಿದ ಮೇಲೂ ಇದೆ ಎಂದೇ ವಿಎಂ ನಂಬಿರುತ್ತದೆ. ಹಳೇ ಪ್ರೊಸೆಸರ್‌ನಲ್ಲಿ ಅದಿಲ್ಲದೆ ಪ್ರೋಗ್ರಾಂ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಬೀಳುತ್ತದೆ, ಇಲ್ಲವೇ ಇಡೀ ವಿಎಂ ಹ್ಯಾಂಗ್ ಆಗುತ್ತದೆ. ಮೊಂಗೋಡಿಬಿ ಡೇಟಾಬೇಸ್‌ನ 5.0 ಮತ್ತು ನಂತರದವಕ್ಕೆ ಎವಿಎಕ್ಸ್ ಬೇಕೇ ಬೇಕು, ಅದು ವಿ2ನಲ್ಲಿ ಇಲ್ಲ. ಎರಡೂ ಸರ್ವರ್‌ಗಳಲ್ಲಿ ಎವಿಎಕ್ಸ್2 ಇದ್ದರೆ ಅಂಥ ವಿಎಂಗೆ ‘ಎಕ್ಸ್86-64-ವಿ3’ ಹಾಕಿ. ಇಂಟೆಲ್‌ನಿಂದ ಎಎಂಡಿಗಾದರೆ ಈ ಟೈಪ್‌ಗಳನ್ನೂ ನಂಬಬೇಡಿ, ವಿಎಂ ಆಫ್ ಮಾಡಿಯೇ ಸಾಗಿಸಿ.