ನೀರು ಬರ್ತಾ ಇದೆಯಲ್ಲ, ಮತ್ತೆ ಟೆಸ್ಟ್ ಯಾಕೆ?

ಟೆಕ್ಸಸ್‌ನಲ್ಲಿ ಬ್ಯಾಕ್‌ಫ್ಲೋ ಟೆಸ್ಟ್ ಮಾಡುವುದು ನನ್ನ ಕೆಲಸ. ಬೀದಿಯ ಮೇನ್‌ನಿಂದ, ಅಂದರೆ ಊರಿಗೆ ನೀರು ತರುವ ದೊಡ್ಡ ಪೈಪಿನಿಂದ, ಕಟ್ಟಡದೊಳಗೆ ಬಂದ ನೀರು ಮತ್ತೆ ಮೇನ್‌ಗೆ ವಾಪಸ್ ಹೋಗದಂತೆ ತಡೆಯಲು ಒಂದು ವಾಲ್ವ್ ಕೂರಿಸಿರುತ್ತಾರೆ. ಅದು ಸರಿಯಿದೆಯಾ ಅಂತ ನೋಡಿ, ಸಹಿ ಹಾಕಿ ವರದಿ ಕೊಡಬೇಕು. ಆರೋಗ್ಯಕ್ಕೆ ಅಪಾಯ ಇರುವ ಕಡೆ ಹಾಕಿದ ವಾಲ್ವನ್ನು ಕೂರಿಸಿದಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ಟೆಸ್ಟ್ ಮಾಡಿಸಬೇಕು ಅಂತ ರಾಜ್ಯದ ನಿಯಮವೇ ಇದೆ. ಖರ್ಚು ಗ್ರಾಹಕರದು. ಅದಕ್ಕೇ ನಾನು ಹೋದಾಗ ಯಾರ ಮುಖದಲ್ಲೂ ನಗು ಇರುವುದಿಲ್ಲ!

‘ನೀರು ಬರ್ತಾ ಇದೆಯಲ್ಲ, ಮತ್ತೇನು?’ ಅಂತ ಕೇಳುತ್ತಾರೆ. ತೊಂದರೆ ಇರುವುದೇ ಅಲ್ಲಿ. ಕೆಟ್ಟ ವಾಲ್ವ್‌ನಲ್ಲೂ ನೀರು ಚೆನ್ನಾಗಿಯೇ ಬರುತ್ತದೆ. ಒಳಗಿನ ರಬ್ಬರ್ ಸವೆದದ್ದು, ಸ್ಪ್ರಿಂಗ್ ಸೋತದ್ದು ಗೊತ್ತಾಗುವುದು ಮೇನ್‌ನಲ್ಲಿ ಪ್ರೆಶರ್ ಬಿದ್ದು ನೀರು ಹಿಂದಕ್ಕೆ ಎಳೆದುಕೊಂಡ ದಿನ. 1969ರಲ್ಲಿ ಮ್ಯಾಸಚೂಸೆಟ್ಸ್‌ನ ಹೋಲಿ ಕ್ರಾಸ್ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಹೆಪಟೈಟಿಸ್ ಬಂದದ್ದು ಹೀಗೇ. ಹತ್ತಿರದಲ್ಲಿ ಬೆಂಕಿ ಆರಿಸಲು ನೀರು ಎಳೆದಾಗ ಪ್ರೆಶರ್ ಇಳಿಯಿತು. ಮೈದಾನದ ನೆಲಮಟ್ಟದ ನಲ್ಲಿ ಗುಂಡಿಯಲ್ಲಿ ನಿಂತಿದ್ದ ಗಲೀಜು ನೀರು ಪೈಪಿನೊಳಗೆ ಸೇರಿತು. ಆ ವರ್ಷದ ಉಳಿದ ಪಂದ್ಯಗಳೆಲ್ಲ ರದ್ದಾದವು. ಅಷ್ಟು ಹಿಂದಕ್ಕೂ ಹೋಗಬೇಕಿಲ್ಲ. 2021ರ ಫೆಬ್ರವರಿ ಚಳಿಯಲ್ಲಿ ಪೈಪುಗಳು ಒಡೆದು ಪ್ರೆಶರ್ ಬಿದ್ದು, ಆಸ್ಟಿನ್ ನಗರಕ್ಕೆಲ್ಲ ನೀರು ಕುದಿಸಿ ಕುಡಿಯಿರಿ ಅಂತ ಹೇಳಬೇಕಾಯಿತು.

ಇಂಥ ತಡೆ ವಾಲ್ವ್‌ಗಳಲ್ಲಿ ನನಗೆ ಜಾಸ್ತಿ ಸಿಗುವುದು ಆರ್‌ಪಿ (ರೆಡ್ಯೂಸ್ಡ್ ಪ್ರೆಶರ್) ವಾಲ್ವ್. ನೀರನ್ನು ಒಂದೇ ದಿಕ್ಕಿಗೆ ಬಿಡುವ ಎರಡು ಚೆಕ್ ವಾಲ್ವ್, ನಡುವೆ ಒಂದು ಕೋಣೆ, ಕೋಣೆಯ ಕೆಳಗೆ ರಿಲೀಫ್ ವಾಲ್ವ್. ನಡುಕೋಣೆಯ ಪ್ರೆಶರ್ ಮೇನ್ ಕಡೆಯದಕ್ಕಿಂತ ಯಾವಾಗಲೂ ಕಡಿಮೆ ಇರಬೇಕು. ಅದು ಏರಿ ಏರಿ ಮೇನ್‌ನ ಹತ್ತಿರ ಬಂದರೆ ರಿಲೀಫ್ ತೆರೆದು ನೀರನ್ನು ನೆಲಕ್ಕೆ ಚೆಲ್ಲಬೇಕು.

ಮೊದಲು ನೀರು ನಿಲ್ಲುತ್ತದೆ ಅಂತ ಕಟ್ಟಡದವರಿಗೆ ತಿಳಿಸುತ್ತೇನೆ. ಬೆಂಕಿ ಆರಿಸುವ ನೀರಿನ ಲೈನಿನ ವಾಲ್ವಾದರೆ ಅಲಾರಂ ನೋಡಿಕೊಳ್ಳುವವರಿಗೂ ಫೋನ್ ಮಾಡುತ್ತೇನೆ, ಇಲ್ಲದಿದ್ದರೆ ಫೈರ್ ಎಂಜಿನ್ನೇ ಬಂದು ನಿಲ್ಲುತ್ತದೆ. ವಾಲ್ವಿನ ಮೇಲಿರುವ ಟೆಸ್ಟ್ ಕಾಕ್ ಎಂಬ ಸಣ್ಣ ನಲ್ಲಿಗಳನ್ನು ಸ್ವಲ್ಪ ಬಿಟ್ಟು ಕಸ ಹೋಗಿಸಿ, ಮೇನ್ ಕಡೆಯ ಎರಡನೆಯದಕ್ಕೂ ನಡುಕೋಣೆಯ ಮೂರನೆಯದಕ್ಕೂ ಗೇಜಿನ ಹೋಸ್ ಹಾಕಿ, ಗಾಳಿ ತೆಗೆದು, ಕಟ್ಟಡದ ಕಡೆಯ ಶಟಾಫ್ (ನೀರು ನಿಲ್ಲಿಸುವ ವಾಲ್ವ್) ಮುಚ್ಚುತ್ತೇನೆ. ಆ ಎರಡು ಕಡೆಯ ಪ್ರೆಶರ್‌ಗೆ ಎಷ್ಟು ವ್ಯತ್ಯಾಸ ಅಂತ ಗೇಜಿನ ಮುಳ್ಳು ತೋರಿಸುತ್ತದೆ. ಮುಳ್ಳು ನಿಂತ ಮೇಲೆ ಗೇಜಿನ ನಾಬನ್ನು ನಿಧಾನವಾಗಿ, ಕಾಲು ಸುತ್ತು ಮೀರದಂತೆ ತಿರುಗಿಸುತ್ತೇನೆ. ಇನ್ನೊಂದು ಕೈ ರಿಲೀಫಿನ ಬಾಯಿ ಕೆಳಗೆ ಇರುತ್ತದೆ. ಮುಳ್ಳು ಇಳಿಯುತ್ತಾ ಬರುತ್ತದೆ. ಬೆರಳಿಗೆ ಮೊದಲ ಹನಿ ತಾಗಿದ ಕ್ಷಣ ಅದು ಎಲ್ಲಿತ್ತೋ ಅದೇ ಲೆಕ್ಕ. ವ್ಯತ್ಯಾಸ 2 ಪಿಎಸ್‌ಐ (ಪ್ರೆಶರ್ ಅಳೆಯುವ ಮಾನ) ಅಥವಾ ಜಾಸ್ತಿ ಇದ್ದರೆ ಪಾಸ್. 1.6ಕ್ಕೆ ಹನಿ ಬಿದ್ದರೆ ಫೇಲ್, ಅದರಲ್ಲಿ ಚೌಕಾಸಿ ಇಲ್ಲ. ಆಮೇಲೆ ಎರಡೂ ಚೆಕ್‌ಗಳು ಬಿಗಿಯಾಗಿ ಹಿಡಿಯುತ್ತವೆಯಾ ಅಂತ ನೋಡುವುದು.

ಫೇಲ್ ಅಂದ ಕೂಡಲೇ ಹೊಸ ವಾಲ್ವ್ ಹಾಕಿಸಬೇಕು ಅಂತ ಯಾರಾದರೂ ಹೇಳಿದರೆ ಸುಮ್ನೆ ಒಪ್ಪಬೇಡಿ. ಎಷ್ಟೋ ಸಲ ರಬ್ಬರ್ ಡಿಸ್ಕಿಗೆ ಒಂದು ಮರಳಿನ ಕಣವೋ, ಪ್ಲಂಬರ್ ಬಿಟ್ಟ ಟೇಪಿನ ಚೂರೋ ಸಿಕ್ಕಿರುತ್ತದೆ. ತೆರೆದು, ತೊಳೆದು, ಬೇಕಿದ್ದರೆ ರಬ್ಬರ್ ಕಿಟ್ ಹಾಕಿ ಮತ್ತೆ ಟೆಸ್ಟ್ ಮಾಡಿದರೆ ಸರಿಯಾಗುತ್ತದೆ.

ಬೆಂಗಳೂರಿನ ನೆಂಟರು ನಮಗ್ಯಾಕೆ ಇದೆಲ್ಲ ಇಲ್ಲ ಅಂತ ಕೇಳುತ್ತಾರೆ. ಅಲ್ಲಿ ಎಷ್ಟೋ ಮನೆಗಳಲ್ಲಿ ಕಾವೇರಿ ನೀರು ಮೊದಲು ಸಂಪಿಗೆ ಬೀಳುತ್ತದೆ. ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲಿದ್ದರೆ ನಡುವಿನ ಗಾಳಿಯೇ ತಡೆ, ಅದಕ್ಕಿಂತ ಒಳ್ಳೆ ವಾಲ್ವ್ ಇಲ್ಲ. ಆದರೆ ಪೈಪ್ ಸಂಪಿನ ನೀರಿನಲ್ಲಿ ಮುಳುಗಿದ್ದರೆ, ಅಥವಾ ಲೈನಿಗೇ ಮೋಟರ್ ಹಾಕಿ ಎಳೆದರೆ, ಬೀದಿಯ ಪೈಪಿಗೆ ಏನು ಬೇಕಾದರೂ ಸೇರಬಹುದು, ಅಲ್ವಾ?

ಇಲ್ಲಿ ಮನೆ ಇರುವವರಿಗೆ ಒಂದು ಮಾತು. ಲಾನ್ ಸ್ಪ್ರಿಂಕ್ಲರ್ ಇದ್ದರೆ ನಿಮ್ಮ ಊರಿನ ನಿಯಮ ಕೇಳಿಕೊಳ್ಳಿ, ಊರಿಂದೂರಿಗೆ ಬೇರೆ ಇರುತ್ತದೆ. ಟೆಸ್ಟ್ ಮಾಡುವವರ ಲೈಸೆನ್ಸ್ ಜೊತೆಗೆ ಗೇಜಿನ ಕ್ಯಾಲಿಬ್ರೇಷನ್ ತಾರೀಖನ್ನೂ ನೋಡಿ. ಗೇಜಿಗೂ ವರ್ಷಕ್ಕೊಮ್ಮೆ ಟೆಸ್ಟ್ ಇದೆ. ವರದಿಯ ಪ್ರತಿ ನಿಮ್ಮ ಹತ್ತಿರವೂ ಇರಲಿ.