ಮೊದಲು ರೂಮು, ಆಮೇಲೆ ಮಾತ್ರೆ: ವಿರಾಜಪೇಟೆಯಲ್ಲಿ ನಾನು ಮಾಡಿದ್ದು

ಬೀದಿಯಲ್ಲಿ ಮಲಗುವ ಕುಡಿತದವರಿಗೆ, ಮಾನಸಿಕ ಕಾಯಿಲೆಯವರಿಗೆ ಷರತ್ತಿಲ್ಲದೆ ಬಾಡಿಗೆ ರೂಮು ಕೊಡಿಸಲು ಹೊರಟಾಗ, ‘ಕುಡಿತ ಬಿಡದವನ ಕೈಗೆ ಬೀಗದಕೈ ಕೊಡ್ತೀರಾ ಅಣ್ಣಾ?’ ಅಂತ ಕೇಳದವರೇ ಇರಲಿಲ್ಲ. ಈಗ ಅವರೇ ಫೋನ್ ಮಾಡಿ ಹೇಗೆ ಅಂತ ವಿಚಾರಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೆಲ್ಲ ನಡೆಯುತ್ತಿದ್ದುದು ಇಷ್ಟೇ: ಅವರನ್ನು ಬಸ್ ಸ್ಟ್ಯಾಂಡಿನಿಂದ ಎಬ್ಬಿಸಿ ಕರೆದೊಯ್ಯೋದು, ಕುಡಿತ ಬಿಡಿಸುವ ಡಿ-ಅಡಿಕ್ಷನ್ ಕೇಂದ್ರಕ್ಕೆ ಸೇರಿಸೋದು, ತಿಂಗಳಾದ ಮೇಲೆ ಅದೇ ಬಸ್ ಸ್ಟ್ಯಾಂಡಿಗೆ ತಂದು ಬಿಡೋದು. ಒಬ್ಬೊಬ್ಬರಿಗೆ ಹದಿನೈದು-ಇಪ್ಪತ್ತು ಸಾವಿರ ಹೋಗುತ್ತಿತ್ತು. ಜುಲೈ ಮಳೆಯಲ್ಲಿ ಅಂಗಡಿ ಜಗಲಿ ಮೇಲೆ ಮಲಗುವವನ ಮಾತ್ರೆ ಚೀಟಿ ಎಷ್ಟು ದಿನ ಉಳಿದೀತು? ಮೊದಲು ಮನೆ, ಷರತ್ತು ಬೇಡ ಅಂತ ನ್ಯೂಯಾರ್ಕಿನಲ್ಲಿ 1992ರಲ್ಲೇ ಶುರು ಮಾಡಿದ್ದರು. ಅದು ನಮ್ಮಲ್ಲಿ ನಡೆಯಲ್ಲ ಅಂತ ಇಲ್ಲಿಯವರು ಅಂದರು. ಆದರೂ ಮಾಡಿ ನೋಡಿದೆ.

ರೂಮಿಗೆ ಬಾಡಿಗೆ ಎರಡೂವರೆ ಸಾವಿರದ ಹತ್ತಿರ, ಅಡ್ವಾನ್ಸ್ ಹತ್ತು ಸಾವಿರ. ಮಾಲೀಕರನ್ನು ಒಪ್ಪಿಸಿದ್ದು ಹೇಗೆ ಅನ್ನೋದು ನನ್ನಲ್ಲೇ ಇರಲಿ. ಮೂವರನ್ನು ಒಂದೇ ರೂಮಿಗೆ ಹಾಕಿದ್ದು ಪೂರಾ ಕೆಟ್ಟಿತು. ಒಬ್ಬ ಬಾಟಲಿ ತಂದರೆ ಮೂವರೂ ಕುಡಿದರು, ಗ್ಯಾಸ್ ಸ್ಟೌ ಮಾರಾಟವಾಯಿತು. ಖರ್ಚು ಜಾಸ್ತಿಯಾದರೂ ಆಮೇಲೆ ತಲೆಗೊಂದು ರೂಮು. ಒಬ್ಬರಂತೂ ಮೊದಲ ಕೆಲವು ರಾತ್ರಿ ಬಾಗಿಲಿಗೆ ಬೀಗ ಹಾಕಿ, ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೇ ಮಲಗಿದರು. ಒಳಗೆ ಬನ್ನಿ ಅಂತ ನಾನು ಒತ್ತಾಯಿಸಲಿಲ್ಲ. ತಾವಾಗಿ ಹೋದರು.

ಕುಡಿತವನ್ನು ಮಾತ್ರ ರೂಮಿನಲ್ಲಿ ಒಮ್ಮೆಗೇ ನಿಲ್ಲಿಸಲು ಬಿಡಬೇಡಿ. ಮೊದಲ ಎರಡು-ಮೂರು ದಿನದೊಳಗೇ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು. ಜೀವಕ್ಕೇ ಅಪಾಯ. ಆ ದಿನಗಳು ಆಸ್ಪತ್ರೆ ಹಾಸಿಗೆಯಲ್ಲೇ ಕಳೆಯಲಿ. ಆದರೆ ರೂಮಿನ ಬಾಡಿಗೆ ನಿಲ್ಲಿಸಬೇಡಿ, ವಾಪಸ್ ಬರಲು ಜಾಗ ಇದೆ ಅನ್ನೋದೇ ಅರ್ಧ ಔಷಧಿ. ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವಂಥ ಮಾನಸಿಕ ಕಾಯಿಲೆ) ಇದ್ದ ಒಬ್ಬ ಅಕ್ಕ ಮಾತ್ರೆಯನ್ನು ನಾಲಿಗೆ ಕೆಳಗಿಟ್ಟು ಆಮೇಲೆ ಉಗುಳುತ್ತಿದ್ದರು. ಡಾಕ್ಟರು ಅವರನ್ನೇ ಕೇಳಿ ತಿಂಗಳಿಗೊಮ್ಮೆಯ ಇಂಜೆಕ್ಷನ್‌ಗೆ ಬದಲಿಸಿದರು. ಈಗ ಅವರೇ ತಾರೀಕು ನೆನಪಿಸುತ್ತಾರೆ. ರಾತ್ರಿ ಯಾರಾದರೂ ತೀರಾ ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416 ಇದೆ, ನಂಬರನ್ನು ಎಲ್ಲರ ಗೋಡೆ ಮೇಲೂ ಬರೆದಿದ್ದೇನೆ.

ದುಡ್ಡಿನ ವಿಷಯ. ಕಾಫಿ ಕುಯ್ಯುವ ಸೀಸನ್‌ನಲ್ಲಿ ವಾರದ ಬಟವಾಡೆ ಕೈಗೆ ಬಂದ ಸಂಜೆಯೇ ಖಾಲಿ. ಅವರನ್ನೇ ಒಪ್ಪಿಸಿ, ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಬಾಡಿಗೆ ಪಾಲನ್ನು ಮೊದಲೇ ತೆಗೆದಿಡಿಸಿದೆ. ಮಳೆಗಾಲದಲ್ಲಿ ಕೆಲಸ ಕಮ್ಮಿ, ಆಗ ಕೈಯಿಂದ ಹಾಕಲೇಬೇಕು. ಅಣಬೆ ಬೆಳೆಸಿ ನೋಡಿದೆವು, ಎಲ್ಲ ಬೂಸ್ಟು ಹಿಡಿದು ಹೋಯಿತು. ಕಾಫಿ ನರ್ಸರಿಗೆ ಮಣ್ಣು ತುಂಬುವ ಕೆಲಸ ಹೊಂದಿತು. ಕುಡಿಯಬೇಕು ಅನ್ನಿಸುವ ಹೊತ್ತಿಗೆ ಕೈಗೆ ಕೆಲಸ ಇರುತ್ತದೆ ಅಲ್ವಾ.

ಹತ್ತು ಜನರಲ್ಲಿ ಏಳು ಮಂದಿ ಇನ್ನೂ ರೂಮಿನಲ್ಲೇ ಇದ್ದಾರೆ. ಎಲ್ಲರೂ ಕುಡಿತ ಬಿಟ್ಟಿಲ್ಲ, ಆದರೆ ಆಸ್ಪತ್ರೆಗೆ ತಪ್ಪದೆ ಬರುತ್ತಾರೆ. ಶುರು ಮಾಡುವವರು ಮೇ ತಿಂಗಳಲ್ಲೇ ಅಡ್ವಾನ್ಸ್ ಕೊಟ್ಟಿಡಿ. ಮಳೆ ಹಿಡಿದ ಮೇಲೆ ಸೋರದ ರೂಮು ಸಿಗೋದಿಲ್ಲ.